ಬಾಂಡ್ಲಿ ಮುಟ್ಟದ ಮೇಸ್ತ್ರಿ

"ಇಸ್ತ್ರಿ ಶರಟು ಯಾಕೆ ಹಾಕ್ಕೊಂಡು ಬಂದ್ರಿ? ಕೆಲಸದ ಬಟ್ಟೆಲೇ ಬನ್ನಿ ಅಂತ ಮಗಳ ಹತ್ರ ಹೇಳಿ ಕಳಿಸಿದ್ನಲ್ಲ!" ಎಂದು ಲೆಕ್ಚರರ್ ಗೊಣಗಿದರು. ಪರದೇಶದಿಂದ ಕೂಲಿಗೆ ಬಂದವರು ನಗರವೊಂದನ್ನು ಕಟ್ಟಿ ಬೆಳೆಸುವ ಕಾದಂಬರಿ ಅವರ ಈ ವರ್ಷದ ಪಾಠ. ಓದುವಾಗ ತಮ್ಮ ಗಂಟಲು ಎಲ್ಲೆಲ್ಲಿ ಕಟ್ಟಬೇಕು ಎಂದು ಪುಟದಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡಿದ್ದ ಪುಣ್ಯಾತ್ಮರು ಅವರು. ಇವತ್ತು ನಿಜವಾದ ಕೂಲಿಯನ್ನೇ ತೋರಿಸುವ ಹುಮ್ಮಸ್ಸಿನಲ್ಲಿ, ಹಾಗೆಯೇ ದೇಶ ಬಿಟ್ಟು ಬಂದು ಗಾರೆ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಅಪ್ಪನನ್ನು ಕರೆಸಿದ್ದರು. ಮಗಳು ಕೊನೆಯ ಬೆಂಚಿನಲ್ಲಿ ತಲೆಯೆತ್ತದೆ ಕೂತಿದ್ದಳು. ಅಪ್ಪನನ್ನು ನೋಡಿ ಕ್ಲಾಸು ನಕ್ಕರೆ, ನಾಳೆಯಿಂದ ಇಲ್ಲಿಗೆ ಯಾವ ಮುಖ ಹೊತ್ತು ಬರುವುದು?

ಅಟೆಂಡರ್ ಪಕ್ಕದ ಕಟ್ಟಡದಿಂದ ಸಿಮೆಂಟು ಮೆತ್ತಿದ ಬಾಂಡ್ಲಿ ಹಿಡಿದು ತಂದ. "ತಲೆ ಮೇಲೆ ಇಟ್ಕೊಂಡು ಸ್ವಲ್ಪ ಆ ಕಡೆ ಈ ಕಡೆ ನಡೀರಪ್ಪ, ಮಕ್ಕಳು ನೋಡ್ಲಿ" ಎಂದರು ಲೆಕ್ಚರರ್.

ಅಪ್ಪ ಬಾಂಡ್ಲಿಯನ್ನು ಮುಟ್ಟಲಿಲ್ಲ. "ಇದನ್ನ ಹೊರೋಕೆ ಹೆಲ್ಪರ್ ಇರ್ತಾನೆ ಸಾರ್. ನಾನು ಮೇಸ್ತ್ರಿ."

"ಅಯ್ಯೋ, ಎಲ್ಲಾ ಒಂದೇ ಅಲ್ವೇನ್ರೀ?"

ಮೇಸ್ತ್ರಿ ಅಟೆಂಡರನ್ನೊಮ್ಮೆ ನೋಡಿ, ಲೆಕ್ಚರರನ್ನು ಸೊಟ್ಟಗೆ ಎದ್ದ ಗೋಡೆಯನ್ನು ನೋಡುವಂತೆ ಮೇಲಿಂದ ಕೆಳಗೆ ನೋಡಿದರು. "ಹಾಗಾದ್ರೆ ನೀವೂ ಇವರೂ ಒಂದೇ ಅನ್ನಿ. ಪಾಠ ಇವರು ಮಾಡ್ಲಿ, ಬಾಂಡ್ಲಿ ನೀವು ಹೊರಿ."

ಮೊದಲು ನಕ್ಕಿದ್ದು ಅಟೆಂಡರ್, ಆಮೇಲೆ ಇಡೀ ಕ್ಲಾಸು. ಮಗಳು ಎದ್ದು ಬಂದು, ಲೆಕ್ಚರರ ಕುರ್ಚಿಯನ್ನು ಎಳೆದು ಅಪ್ಪನಿಗೆ ಹಾಕಿದಳು.