ಸವತಿಯ ಪಾಲು

ವರ್ಲೀನ್ ನಿಜ ಹೇಳಲು ಬಾಯಿ ತೆರೆದಾಗಲೆಲ್ಲ ಕಾರ್ಲಿಸ್ ಅವಳ ತಟ್ಟೆಗೆ ಇನ್ನೊಂದು ತುಂಡು ಕೋಳಿ ಹಾಕುತ್ತಿದ್ದಳು.

“ತಿನ್ನಿ ಅಕ್ಕ. ಬೆಳಗ್ಗಿಂದ ನೀರೂ ಕುಡಿದಿಲ್ಲ ನೀವು.”

ಅಕ್ಕ ಅಂತೆ! ಸವತಿಯ ಬಾಯಲ್ಲಿ ಆ ಮಾತು ಕೇಳಿ ವರ್ಲೀನ್‌ಗೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಬೇಕೆನಿಸಿತು. ಥರ್ಮನ್‌ನನ್ನು ಮಣ್ಣು ಮಾಡಿ ಆಗಷ್ಟೇ ಬಂದಿದ್ದರು. ಚರ್ಚಿನ ಊಟದ ಮನೆಯಲ್ಲಿ ಅರ್ಧ ಪೋರ್ಟ್ಸ್‌ಮತ್ ಸೇರಿತ್ತು. ಸರ್ಕಾರಿ ಹಡಗುಕಟ್ಟೆಯಲ್ಲಿ ಅವನ ಜೊತೆ ವೆಲ್ಡಿಂಗ್ ಮಾಡಿದವರೆಲ್ಲ ಕರಿ ಕೋಟು ತೊಟ್ಟು ಆಲೂಗಡ್ಡೆ ಸಲಾಡಿನ ಮುಂದೆ ಸಾಲು ನಿಂತಿದ್ದರು. ಅವನು ಬಿಟ್ಟ ಹೆಂಡತಿ ಮತ್ತು ಕಟ್ಟಿಕೊಂಡ ಹೆಂಡತಿ ಎಲ್ಲರ ಕಣ್ಣೆದುರೇ ಒಂದೇ ಮೇಜಿಗೆ ಕೂತಿದ್ದರು.

“ಬದುಕಿದ್ದಾಗ ಕೈಲಾಗದ್ದನ್ನ ಸತ್ತು ಮಾಡ್ದ ನೋಡು ಥರ್ಮನ್,” ಎಂದಳು ಪಕ್ಕದ ಕುರ್ಚಿಯ ಯೂಲಾ ಅಜ್ಜಿ. ಚರ್ಚಿನ ಹಿರಿತಲೆ, ನಾಲಿಗೆಗೆ ಬೀಗವಿಲ್ಲ. “ಇಬ್ರನ್ನೂ ಒಂದೇ ಕಡೆ ಕೂರಿಸ್ಬಿಟ್ಟ!”

ಕಾರ್ಲಿಸ್ ತಲೆ ತಗ್ಗಿಸಿದಳು. ಮಣ್ಣಿನ ಹೊತ್ತಿನಲ್ಲೂ ಅವಳದು ಇದೇ ವರಸೆ. ಮುಂದಿನ ಸಾಲಿನಲ್ಲಿ ವರ್ಲೀನ್‌ಳನ್ನು ಕೂರಿಸಿ ತಾನು ಹಿಂದೆ ಸರಿದಿದ್ದಳು. ಇಂಥವಳ ಬಾಯಿಗೆ ತಾನು ಮಣ್ಣು ಹಾಕಿದ್ದೇನಲ್ಲ ಎಂದು ವರ್ಲೀನ್‌ಗೆ ತನ್ನ ಮೇಲೇ ಹೇಸಿಗೆಯಾಗಿತ್ತು.

ಎಂಟು ವರ್ಷದ ಹಿಂದಿನ ಮಾತು. ಥರ್ಮನ್ ಅವಳ ಅಡುಗೆಮನೆಯಲ್ಲಿ ನಿಂತು ಕೈಮುಗಿಯುವುದೊಂದು ಬಾಕಿ ಎಂಬಂತೆ ಬೇಡಿಕೊಂಡಿದ್ದ. “ಕಾರ್ಲಿಸ್ ದೇವರಿಗೆ ಹೆದರೋಳು ಕಣೇ. ನಿನ್ನಿಂದ ಬಿಡುಗಡೆ ಪಡ್ಕೊಂಡು ಬಾ, ಮದುವೆ ಆಗ್ತೀನಿ ಅಂತಾಳೆ. ಬಿಟ್ಟುಕೊಡು.” ವರ್ಲೀನ್ ಬಿಟ್ಟುಕೊಟ್ಟಳು. ಆದರೆ ಬರಿಗೈಯಲ್ಲಿ ಅಲ್ಲ. ಕೋರ್ಟಿನ ಆದೇಶದಲ್ಲಿ ವಕೀಲನಿಗೆ ಹೇಳಿ ಒಂದು ಮಾತು ಸೇರಿಸಿದಳು: ಥರ್ಮನ್ ಸತ್ತ ಮೇಲೆ ಹೆಂಡತಿಗೆ ಹೋಗಬೇಕಾದ ಪೆನ್ಷನ್ ಪೂರ್ತಿ ಮೊದಲ ಹೆಂಡತಿಗೇ. ಹೊಸ ಮದುವೆಯ ಅವಸರದಲ್ಲಿ ಅವನು ಓದದೆ ಸಹಿ ಹಾಕಿದ. ಆ ದಿನ ವರ್ಲೀನ್ ಸಿಹಿ ಗೆಣಸಿನ ಕಡುಬು ಮಾಡಿಕೊಂಡು ಒಬ್ಬಳೇ ಕೂತು ತಿಂದಿದ್ದಳು. ಎಂಥ ರುಚಿ!

ಆಮೇಲೆ ಅವನಿಗೆ ಲಕ್ವ ಹೊಡೆಯಿತು. ತಿನ್ನಿಸಿದ್ದು, ತೊಳೆದದ್ದು, ರಾತ್ರಿ ಮಗ್ಗುಲು ಬದಲಿಸಿದ್ದು ಎಲ್ಲ ಕಾರ್ಲಿಸ್. ವರ್ಲೀನ್ ಒಂದು ದಿನವೂ ಅವನ ಬಾಯಿ ಒರೆಸಿರಲಿಲ್ಲ. ಈಗ ಕಾರ್ಲಿಸ್ ಪೆನ್ಷನ್ ಕಚೇರಿಗೆ ಹೋದರೆ ನಿನಗೇನೂ ಇಲ್ಲ ಹೋಗಮ್ಮ ಅನ್ನುತ್ತಾರೆ. ಪರರ ಬಾಯಿಂದ ತಿಳಿಯುವ ಮೊದಲು ತಾನೇ ಹೇಳಿಬಿಡಬೇಕು.

“ಆ ನೀಲಿ ಸೂಟಲ್ಲಿ ಮದುಮಗನ ಹಾಗಿದ್ದ,” ಎಂದಳು ವರ್ಲೀನ್, ಮಾತು ಶುರು ಮಾಡಲು.

“ಮುಂದಿನ ತಿಂಗಳು ನನ್ನ ಹುಟ್ಟುಹಬ್ಬ. ಆ ದಿನಕ್ಕೆ ಅಂತ ಹೊಲಿಸ್ಕೊಂಡಿದ್ರು.” ಕಾರ್ಲಿಸ್‌ಳ ದನಿ ಒಡೆಯಿತು.

ವರ್ಲೀನ್‌ಗೆ ಆ ದುಃಖದಲ್ಲೂ ಹೊಟ್ಟೆ ಉರಿಯಿತು. ತನ್ನ ಹುಟ್ಟುಹಬ್ಬ ಯಾವ ತಿಂಗಳು ಅಂತಲೂ ಅವನಿಗೆ ನೆನಪಿರುತ್ತಿರಲಿಲ್ಲ.

“ಸಿಸ್ಟರ್ ಬಾಯ್ಕಿನ್, ಕೇಕು ಕತ್ತರಿಸ್ಲಾ?” ಎಂದು ಆಚೆಯಿಂದ ಯಾರೋ ಕಾರ್ಲಿಸ್‌ಳನ್ನು ಕೂಗಿ ಕೇಳಿದರು. ಬಾಯ್ಕಿನ್ ಕಾರ್ಲಿಸ್‌ಳ ಮೊದಲ ಗಂಡ, ಅಂಚೆಯವನು, ಕಾಗದ ಹಂಚುತ್ತಲೇ ಎದೆಯೊಡೆದು ಸತ್ತವನು. ಊರವರ ನಾಲಿಗೆಗೆ ಹೊಸ ಹೆಸರು ಹತ್ತಲೇ ಇಲ್ಲ. ಹತ್ತುವುದಾದರೂ ಹೇಗೆ? ಥರ್ಮನ್, ಕಾರ್ಲಿಸ್ ಇಬ್ಬರೇ ಕೆರೊಲಿನಾದ ಕಡಲ ದಂಡೆಗೆ ಹೋಗಿ ಉಂಗುರ ಹಾಕಿಕೊಂಡು ಬಂದಿದ್ದರು. ಯಾರಿಗೂ ಒಂದು ಲೋಟ ಪಾನಕವೂ ಸಿಕ್ಕಿರಲಿಲ್ಲ.

“ನನ್ನ ತಂಗಿ ಮಗಳು ಇದ್ದಾಳಲ್ಲ, ಪೆದ್ದಿ,” ಯೂಲಾ ಅಜ್ಜಿ ಕೋಳಿಕಾಲು ಬೀಸುತ್ತ ಹೊಸ ಪುರಾಣ ತೆಗೆದಳು. “ಸತ್ತ ಗಂಡನ ಸರ್ಕಾರಿ ಪೆನ್ಷನ್ ಬರ್ತಿತ್ತು. ಐವತ್ತೈದು ತುಂಬಿದ್ಮೇಲೆ ಮದುವೆ ಆಗಿದ್ರೆ ಅದು ಉಳೀತಿತ್ತು, ಅಲ್ಲೀ ತನಕ ತಡೀಲಾರ್ದೆ ಇನ್ನೊಬ್ಬನ್ನ ಕಟ್ಕೊಂಡ್ಳು. ಪೆನ್ಷನ್ನೂ ಹೋಯ್ತು, ವರ್ಷ ತುಂಬೋದ್ರೊಳಗೆ ಅವನೂ ಹೋದ!”

ವರ್ಲೀನ್‌ಳ ಮುಖ ಕೆಂಡವಾಯಿತು. ಬಿಟ್ಟ ಹೆಂಡತಿಗೂ ಅದೇ ಕಾನೂನು. ಅದಕ್ಕೇ ತಾನೇ ಅವಳು ಚರ್ಚಿನ ಡೀಕನ್ ಮಾರ್ಷ್‌ನಂಥ ಒಳ್ಳೆಯ ಗಂಡಸನ್ನು ಬಾಗಿಲಿಂದಲೇ ಕಳಿಸಿದ್ದು! ಥರ್ಮನ್ ಸಾಯಲಿ ಎಂದು ಕಾದು ಕೂತಂತೆ ಆಯಿತಲ್ಲ. ಕಾರ್ಲಿಸ್ ದಡಬಡಿಸಿ ಎದ್ದು ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು. ವರ್ಲೀನ್ ಹಿಂದೆಯೇ ಹೋಗಿ ಬಾಗಿಲು ಹಾಕಿದಳು.

“ನಿನಗೆ ದ್ರೋಹ ಮಾಡಿದೀನಿ ಕಾರ್ಲಿಸ್.” ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು, ಆದೇಶ, ವಕೀಲ, ಓದದ ಸಹಿ. ಕಡುಬನ್ನೂ ಬಿಡಲಿಲ್ಲ.

ಕಾರ್ಲಿಸ್ ನಲ್ಲಿ ನಿಲ್ಲಿಸಿದಳು. “ಗೊತ್ತು ಅಕ್ಕ. ರಿಟೈರ್ ಆದಾಗ್ಲೇ ಅವರಿಗೆ ತಿಳೀತು. ಹೋಗ್ಲಿ ಬಿಡು, ಅವಳದ್ದೇ ಅದು ಅಂತ ನಕ್ರು.”

“ನೀನು ಜಗಳ ಆಡ್ಲಿಲ್ವಾ?”

“ನನಗೆಲ್ಲಿತ್ತು ಆ ಬಾಯಿ?”

ಆ ಸೌಮ್ಯತೆ ವರ್ಲೀನ್‌ಳನ್ನು ಇನ್ನಷ್ಟು ಚುಚ್ಚಿತು. ಅವಳು ಸವತಿಯ ಒದ್ದೆ ಕೈ ಹಿಡಿದುಕೊಂಡಳು. “ಅರ್ಧ ನಿನಗೆ. ತಿಂಗಳು ತಿಂಗಳು ನಾನೇ ತಂದುಕೊಡ್ತೀನಿ. ಬೇಡ ಅನ್ಬೇಡ. ನಾನು ನೆಮ್ಮದಿಯಾಗಿ ಸಾಯ್ಬೇಕು. ಎಷ್ಟಾದ್ರೂ ಅದು ಹೆಂಡತಿ ಪಾಲು.”

ಕಾರ್ಲಿಸ್ ಬಿಕ್ಕಿಬಿಕ್ಕಿ ಅತ್ತಳು. ವರ್ಲೀನ್ ಬೆನ್ನು ಸವರಿದಷ್ಟೂ ಅಳು ಹೆಚ್ಚಾಯಿತು.

“ಹೆಂಡತಿ ಪಾಲು ಹೆಂಡತಿಗೇ ಬಂದಿದೆ ಅಕ್ಕ. ನಿಮ್ಮ ಸಂಸಾರ ಮುರಿಸಿದವಳು ನಾನು. ಬಿಡುಗಡೆ ತಗೊಂಡು ಬನ್ನಿ ಅಂತ ಹಟ ಹಿಡಿದವಳು ನಾನು. ಆದ್ರೆ ನೀವು ಬಿಟ್ಟುಕೊಟ್ಟಾಗ ನನಗಿನ್ನೂ ನಲವತ್ತಾರು.” ಅವಳು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು.

“ಬಾಯ್ಕಿನ್ ಪೆನ್ಷನ್ ನಿಂತುಹೋಗುತ್ತೆ ಅಂತ ಥರ್ಮನ್‌ನ ನಾನು ಮದುವೆ ಆಗ್ಲೇ ಇಲ್ಲ.”