ಎತ್ತಿದ ಕಾಲು

ಕೋರ್ಟಿನ ಗೋಡೆಯ ಟೀವಿಯಲ್ಲಿ ಇಸ್ತ್ರಿಯವನ ಮಗಳು ರಸ್ತೆ ದಾಟುತ್ತಿದ್ದಳು. ಹೆಗಲಿಗೆ ಚೀಲ, ಬಿಳಿ ಪಟ್ಟೆಗಳ ಮೇಲೇ ನಡಿಗೆ. ನಡುರಸ್ತೆಯಲ್ಲಿ ಮುಂದಿನ ಹೆಜ್ಜೆಗೆಂದು ಕಾಲು ಎತ್ತಿದಳು. ಅಷ್ಟಕ್ಕೇ ವಿಡಿಯೊ ನಿಂತುಹೋಯಿತು.

"ಲಾರಿ ಎಲ್ಲಿ?" ಲಾರಿ ಮಾಲೀಕನ ವಕೀಲರು ಕಟಕಟೆಯಲ್ಲಿದ್ದ ಇಸ್ತ್ರಿಯವನ ಕಡೆ ತಿರುಗಿದರು. "ಹುಡುಗಿ ತಾನಾಗೇ ಚಕ್ರದ ಕೆಳಗೆ ಹಾರಿದಳು ಅಂತಾನೆ ನಮ್ಮ ಡ್ರೈವರ್. ಅಲ್ಲ ಅನ್ನೋಕೆ ನೀವು ತಂದಿರೋದು ಇದೇನಾ? ಮುಂದಿನದನ್ನ ಕತ್ತರಿಸಿದ್ದು ಯಾರು?"

ಇಸ್ತ್ರಿಯವನು ಹೆಂಡತಿ ಕೂತಿದ್ದ ಬೆಂಚಿನತ್ತ ನೋಡಿದ. ರಸ್ತೆ ಬದಿಯ ಬೇಕರಿಯ ಕ್ಯಾಮೆರಾಗೆ ಸಿಕ್ಕಿದ್ದೇ ಅಷ್ಟು ಎಂದು ಅವಳಿಗೆ ಹೇಳಿದ್ದ.

"ನಾನೇ ಕತ್ತರಿಸೋಕೆ ಹೇಳಿದ್ದು, ಸ್ವಾಮಿ."

"ಯಾಕೆ? ಹಾರಿದ್ದು ಕಾಣಬಾರದು ಅಂತಲಾ?"

ಅವನ ಅಂಗೈ ಕಟಕಟೆಯ ಮರವನ್ನು ಸವರುತ್ತಿತ್ತು, ಸುಕ್ಕು ಬಿಡಿಸುವಂತೆ. "ಮಗಳು ಕೊನೇ ಸಲ ನಡೆದದ್ದನ್ನ ನೋಡ್ಲೇಬೇಕು ಅಂತ ಅವಳಮ್ಮ ಹಟ ಹಿಡಿದಿದ್ಲು. ಪೂರ್ತಿ ನೋಡಿದ್ರೆ ಇವಳೂ ಉಳೀತಿರ್ಲಿಲ್ಲ. ಅದಕ್ಕೇ ಬೇಕರಿಯವರಿಗೆ ಹೇಳ್ದೆ, ಲಾರಿ ಬರೋ ಮುಂಚೆ ಕತ್ತರಿಸಿ ಫೋನಿಗೆ ಹಾಕ್ಕೊಡಿ ಅಂತ. ಮಿಕ್ಕಿದ್ದು ಅವರ ಮಿಷನ್ನಲ್ಲಿ ಇದ್ದೇ ಇರುತ್ತೆ ಅಂದ್ಕೊಂಡಿದ್ದೆ."

ಇರಲಿಲ್ಲ. ಪೊಲೀಸರು ನಿಧಾನವಾಗಿ ಬೇಕರಿಗೆ ಹೋಗುವಷ್ಟರಲ್ಲಿ ಆ ಯಂತ್ರ ಹಳೆಯದನ್ನೆಲ್ಲ ಅಳಿಸಿ, ಅದೇ ಜಾಗದಲ್ಲಿ ಬ್ರೆಡ್ಡು ಕೊಳ್ಳಲು ಬಂದವರನ್ನು ತುಂಬಿಕೊಂಡಿತ್ತು.

"ನಾನು ಪೂರ್ತಿ ನೋಡಿದೀನಿ, ಸ್ವಾಮಿ. ಹಾರಲಿಲ್ಲ ಅವಳು. ಕೆಂಪು ದೀಪ ಇತ್ತು, ಲಾರಿ ನಿಲ್ಲಲೇ ಇಲ್ಲ. ಕಣ್ಣು ಮುಚ್ಚಿದ್ರೆ ಈಗ್ಲೂ ಅದೇ ಓಡುತ್ತೆ."

"ಅದನ್ನ ಈ ಟೀವಿಗೆ ಹಾಕಿ ತೋರಿಸೋಕಾಗುತ್ತಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನ್ಯಾಯಾಧೀಶರು ತಲೆಯೆತ್ತದೆ ಏನೋ ಬರೆದುಕೊಂಡರು. ಹೊರಗೆ ಬಂದ ಮೇಲೆ ಇವನ ಪರ ವಕೀಲರು ಹೆಗಲು ತಟ್ಟಿ, "ಇನ್ನು ಆಸೆ ಇಟ್ಕೋಬೇಡಿ ಯಜಮಾನ್ರೇ" ಎಂದು ಬೇರೆ ಕೇಸಿಗೆ ಓಡಿದರು.

ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು. ಬಾಯಿತುಂಬ ಬೈದಿದ್ದರೆ ಅವನ ಎದೆ ಸ್ವಲ್ಪ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

"ಒಬ್ಬರೇ ನೋಡಿದ್ರಾ?"

"ಹೂಂ."

"ಆ ಎತ್ತಿದ ಕಾಲು..." ಅವಳ ದನಿ ಇಳಿಯಿತು. "ಅದನ್ನಾದ್ರೂ ಕೆಳಗಿಟ್ಟಳೇನ್ರೀ?"

ಅವನು ಅವಳ ಪಕ್ಕದಲ್ಲಿ ಕುಸಿದು ಕೂತ.

"ಇಟ್ಟಳು ಕಣೆ."

ಕಟಕಟೆಯಲ್ಲಿ ಹೇಳಿದ ನಿಜವನ್ನು ಯಾರೂ ನಂಬಿರಲಿಲ್ಲ. ಇದನ್ನು ಅವಳು ನಂಬಿದಳು.