ನಕ್ಕವರಿಗೆ ಮುಂದಿನ ಸಾಲು

ಆ ಓಣಿಯ ಬಸವಣ್ಣನ ಕಟ್ಟೆಯ ಪಕ್ಕ ಒಂದು ಕರಿಹಲಗೆ ಇತ್ತು...

ಯಾವುದೋ ಕಾಲಕ್ಕೆ ಯುವಕ ಸಂಘದವರು ನಿಲ್ಲಿಸಿದ್ದು. ವರ್ಷಗಟ್ಟಲೆ ಅದರ ಮೇಲೆ ಯಾರೂ ಒಂದಕ್ಷರ ಬರೆದಿರಲಿಲ್ಲ. ಆಡುಗಳು ಬಂದು ಮೈ ತಿಕ್ಕಿಕೊಂಡು ಹೋಗುತ್ತಿದ್ದವು, ಅಷ್ಟೇ.

ಈ ವರ್ಷ ಸುಷ್ಮಿತಾ ಬರೆಯಲು ಶುರು ಮಾಡಿದಳು. ಕಾಲೇಜು ಓದುವ ಹುಡುಗಿ. ಅಪ್ಪ ನಗರಸಭೆಯಲ್ಲಿ ನಲ್ಲಿಗೆ ನೀರು ಬಿಡುವವನು.

ನೀರು ಎಷ್ಟು ಹೊತ್ತಿಗೆ ಬರುತ್ತದೆ, ಪೋಲಿಯೋ ಹನಿ ಯಾವಾಗ ಹಾಕುತ್ತಾರೆ, ಯಾರ ಮನೆಯಲ್ಲಿ ಮದುವೆ... ಎಲ್ಲ ಬರೆದು, ಕೆಳಗೆ ಒಂದು ಒಳ್ಳೆಯ ಮಾತು.

ಆ ಹಲಗೆಯ ಮುಂದೆ ದಿನಾ ಬೆಳಿಗ್ಗೆ ಮೊದಲು ನಿಲ್ಲುತ್ತಿದ್ದವಳು ನೀಲಗಂಗವ್ವ.

ಅರ್ಧ ಆಯುಷ್ಯ ಹೆಬ್ಬೆಟ್ಟು ಒತ್ತಿದವಳು... ಹತ್ತಿ ಜಿನ್ನಿಂಗ್ ಮಿಲ್ಲಿನ ಕೂಲಿ ಮುಗಿಸಿ, ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದುವಳು. ಅವಸರವಿಲ್ಲ.

ಒಂದು ಭಾನುವಾರ ನಿವೃತ್ತ ಹೆಡ್‌ಮಾಸ್ತರ ಪಟ್ಟಣಶೆಟ್ಟಿಯವರು ಹಲಗೆಯ ಫೋಟೋ ತೆಗೆದರು.

ಒಂದು ಕಡೆ ಒತ್ತಕ್ಷರ ತಪ್ಪಿತ್ತು. ಇನ್ನೊಂದು ಕಡೆ ದೀರ್ಘ ಬಿಟ್ಟುಹೋಗಿತ್ತು.

"ಇದು ನಮ್ಮ ಯುವಪೀಳಿಗೆಯ ಕನ್ನಡ! ಕನ್ನಡಮ್ಮಾ, ಕ್ಷಮಿಸು ತಾಯಿ" ಎಂದು ಬರೆದು ಓಣಿಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಸಂಜೆಯೊಳಗೆ ಊರೆಲ್ಲ ಸುತ್ತಿ, ಸುಷ್ಮಿತಾಳ ಕಾಲೇಜಿನ ಗ್ರೂಪಿಗೂ ಬಂತು. ನಗುವ ಮುಖಗಳೋ ಮುಖಗಳು...

ಮರುದಿನ ಹಲಗೆ ಖಾಲಿ.

ನೀಲಗಂಗವ್ವ ಸೀದಾ ಹುಡುಗಿಯ ಮನೆಗೆ ಹೋದಳು. "ಯಾಕವ್ವಾ ತಂಗಿ, ನನ್ನ ಪೇಪರ್ ಬಂದಿಲ್ಲಲ್ಲ ಇವತ್ತ?"

"ನಾ ಇನ್ನ ಬರಿಯಂಗಿಲ್ಲ ಆಯಿ. ಬರದ್ರ ಇಂಗ್ಲಿಷ್‌ನ್ಯಾಗ ಬರೀತೇನಿ. ಅದ್ರಾಗ ತಪ್ಪಾದ್ರ ಯಾರೂ ನಗಂಗಿಲ್ಲ."

"ಅದು ತಪ್ಪಂತ ಇವ್ರಿಗೆ ಗೊತ್ತರ ಹೆಂಗಾಗತೈತಿ!"

ಹುಡುಗಿ ನಗಲಿಲ್ಲ. ಮುಖ ಗೋಡೆಗೆ ತಿರುಗಿಸಿಕೊಂಡಳು. ಅತ್ತು ಅತ್ತು ಕಣ್ಣು ಊದಿದ್ದವು...

ಬಂದ ಅಕ್ಷರವನ್ನು ಹೀಗೆ ಬಿಟ್ಟುಬಿಡುವುದೆಂದರೆ ಏನೆಂದು ಮುದುಕಿಗೆ ಗೊತ್ತಿತ್ತು. ಅಕ್ಷರವಿಲ್ಲದೆ ಬದುಕಿದವಳು ಅವಳು.

ಮಂಗಳವಾರ ನಸುಕಿನಲ್ಲೇ ನಲ್ಲಿ ನೀರು ಬಂದು ಹೋಯಿತು. ಯಾರಿಗೂ ಗೊತ್ತಾಗಲಿಲ್ಲ.

ಓಣಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಕಟ್ಟೆಯ ಬಳಿ ಸೇರಿದರು. ಪಟ್ಟಣಶೆಟ್ಟಿ ಮಾಸ್ತರರೂ ಬಂದರು, ಕೈಯಲ್ಲಿ ಬಕೆಟ್.

"ಇದೇನ್ರಿ, ನೀರ ಬರೋದು ಬೋರ್ಡಿನ ಮ್ಯಾಲ ಬರೀಬಾರದೇನು ಯಾರರ?"

ನೀಲಗಂಗವ್ವ ಸೆರಗಿನ ಗಂಟಿನಿಂದ ಚಾಕ್‌ಪೀಸ್ ಬಿಚ್ಚಿ ತೆಗೆದು ಅವರ ಮುಂದೆ ಹಿಡಿದಳು.

"ಬರೀರಿ ಮಾಸ್ತರ."

"ನಾನ?"

"ನಮ್ಮ ರಾತ್ರಿ ಸಾಲ್ಯಾಗ ಒಂದ್ ಕಾಯ್ದೆ ಇತ್ರಿ. ಒಬ್ಬಾಕಿ ಓದುವಾಗ ತಪ್ಪಿದ್ಲು ಅಂತ ಯಾರರ ನಕ್ರ, ಮುಂದಿನ ಸಾಲು ನಕ್ಕವ್ರ ಓದಬೇಕು. ನೀವು ನಕ್ಕೀರಿ. ಪಾಳಿ ನಿಮ್ದು."

ಹೆಂಗಸರು ಕಿಸಕ್ಕೆಂದರು. ಮಾಸ್ತರರಿಗೆ ಸಿಟ್ಟು ಬಂತು.

"ಹಂಗಾರ ಭಾಷಾ ಹಾಳಾಗ್ಲೇನು? ಜೀವಮಾನ ಪೂರ್ತಿ ಹುಡುಗರ ಕನ್ನಡ ತಿದ್ದೇನಿ ನಾ. ಕನ್ನಡದ ಮ್ಯಾಲಿನ ಪ್ರೀತಿಗೆ ಹೇಳಿದ್ದದು!"

ನೀಲಗಂಗವ್ವ ಕದಲಲಿಲ್ಲ.

"ತಿದ್ರಿ, ಯಾರು ಬ್ಯಾಡಂದ್ರು? ತಪ್ಪು ತಪ್ಪ ಐತಿ. ತಿದ್ದೋದು ಬ್ಯಾರೆ, ಫೋಟೋ ತಗದು ಊರಿಗೆಲ್ಲಾ ಹಂಚೋದು ಬ್ಯಾರೆ. ಇಷ್ಟ ವರ್ಷ ಈ ಬೋರ್ಡಿಗೆ ಆಡು ಮೈ ತಿಕ್ಕೋತಿದ್ವಲ್ಲ, ಆವಾಗ ಎಲ್ಲಿತ್ರಿ ನಿಮ್ಮ ಪ್ರೀತಿ? ಖರೆ ಐತ್ರಿ... ಖಾಲಿ ಬೋರ್ಡಿನ್ಯಾಗ ಒಂದೂ ತಪ್ಪಿರಲಿಲ್ಲ!"

ಅವಳು ಹಿಡಿದ ಚಾಕ್‌ಪೀಸ್ ಇನ್ನೂ ಅವರ ಮುಂದೆಯೇ ಇತ್ತು.

ಮಾಸ್ತರರು ಬಕೆಟ್ ಕೆಳಗಿಟ್ಟರು. ಚಾಕ್‌ಪೀಸ್ ತೆಗೆದುಕೊಂಡರು. ಮುತ್ತು ಪೋಣಿಸಿದ ಹಾಗೆ ದುಂಡಗೆ ಬರೆದರು:

"ನಾಳೆ ನಲ್ಲಿ ನೀರು"

ಅಲ್ಲಿಗೆ ಕೈ ನಿಂತಿತು.

ಎಷ್ಟು ಹೊತ್ತಿಗೆ? ಅವರಿಗೇನು ಗೊತ್ತು... ಗೊತ್ತಿದ್ದವಳು ಮನೆಯೊಳಗೆ ಬಾಗಿಲ ಹಿಂದೆ ನಿಂತಿದ್ದಳು.

ಆ ಅರ್ಧ ಸಾಲನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ನಡೆದು ಆ ಬಾಗಿಲಿಗೆ ಹೋದರು.

"ತಂಗಿ... ಸಾಲು ಅರ್ಧಕ್ಕ ನಿಂತೈತವಾ. ನಂಗ ಮುಗಸಾಕ ಬರವಲ್ದು. ಬಾ, ನೀನ ಬರಿ. ನಾ ಬಾಜೂಕ ನಿಂದರ್ತೇನಿ."

"ಮತ್ತ ತಪ್ಪಾದ್ರ ಸರ್?"

ಮಾಸ್ತರರು ಚಾಕ್‌ಪೀಸ್ ಅವಳ ಕಡೆ ಚಾಚಿದರು. "ಆಗ್ಲಿ. ತಿದ್ದಾಕ ನಾ ಅದೀನಲ್ಲ... ನಗಾಕ ಅಲ್ಲ."

ಸುಷ್ಮಿತಾ ಕಣ್ಣೊರೆಸಿಕೊಂಡು ಬಂದಳು. ಬರೆದಳು. ಒಂದು ಕಡೆ ಕೈ ತಡವರಿಸಿತು... ಮಾಸ್ತರರು ತಮ್ಮ ಅಂಗೈ ಮುಂದೆ ಹಿಡಿದು, ಅದರ ಮೇಲೆ ಬೆರಳಿನಿಂದ ಆ ಅಕ್ಷರ ಬರೆದು ತೋರಿಸಿದರು. ಅವಳು ನೋಡಿ ಹಲಗೆಯ ಮೇಲೆ ತಿದ್ದಿದಳು.

ನೀಲಗಂಗವ್ವ ಹತ್ತಿರ ಹೋಗಿ, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ, ಓಣಿಗೆಲ್ಲ ಕೇಳುವಂತೆ ಓದಿದಳು. ಅವಸರವಿಲ್ಲದೆ...

ಕೆಲವು ದಿನ ಕಳೆದ ಮೇಲೆ ಒಬ್ಬ ತರುಣ ಹಲಗೆಯ ಮುಂದೆ ಬೈಕ್ ನಿಲ್ಲಿಸಿ, ಓದಿ, ಹಲ್ಲು ಕಿರಿದು, ಜೇಬಿನಿಂದ ಮೊಬೈಲ್ ತೆಗೆದ.

ಪಟ್ಟಣಶೆಟ್ಟಿ ಮಾಸ್ತರರು ಕಟ್ಟೆಯಿಂದ ಎದ್ದು ಬಂದು ಅವನ ಮುಂದೆ ಚಾಕ್‌ಪೀಸ್ ಹಿಡಿದರು.

"ಬಾರಪಾ ಮಾರಾಯಾ... ನಕ್ಕೀ ಅಲ್ಲ? ಮುಂದಿನ ಸಾಲು ನಿಂದು."

*ತಪ್ಪನ್ನು ಖಂಡಿತ ತಿದ್ದಿ... ಆದರೆ ಬರೆಯುವ ಕೈಯನ್ನು ಹಿಡಿದುಕೊಂಡು ತಿದ್ದಿ.*

ಹೇಳಿ ನೋಡೋಣ... ಮಕ್ಕಳ ಕನ್ನಡ ನೋಡಿ ನಕ್ಕ ನಾವು, ಮುಂದಿನ ಸಾಲು ಬರೆದೆವೇ?